ತೈಲ–ಅನಿಲ ಸೂಚ್ಯಂಕದ ಫಂಡ್: ಡೀಸೆಲ್ ಸುಡುವವನಿಗೆ ಇದು ವಿಮೆಯಾಗಬಲ್ಲದೇ?

ಹುಬ್ಬಳ್ಳಿಯಲ್ಲಿ ನನ್ನದು ಮೂರು ಲಾರಿಗಳ ಸಣ್ಣ ಸಾಗಣೆ ವ್ಯವಹಾರ. ಬ್ಯಾಡಗಿ ಮೆಣಸಿನಕಾಯಿಯ ಹಂಗಾಮಿನಲ್ಲಿ ಲಾರಿಗಳು ಮುಂಬೈಗೆ ಹೋಗುತ್ತವೆ, ಉಳಿದ ತಿಂಗಳುಗಳಲ್ಲಿ ಲೋಡ್ ಸಿಕ್ಕ ಕಡೆಗೆ. ಹುಬ್ಬಳ್ಳಿಯಿಂದ ಮುಂಬೈಗೆ ಸುಮಾರು 560 ಕಿಲೋಮೀಟರ್. ಹೋಗಿ ಬರುವುದಕ್ಕೆ, ಲೀಟರಿಗೆ ನಾಲ್ಕು ಕಿಲೋಮೀಟರ್ ಎಂದು ಹಿಡಿದರೆ, 280 ಲೀಟರ್ ಡೀಸೆಲ್ ಬೇಕು. ಡೀಸೆಲ್ ದರ ಒಂದು ರೂಪಾಯಿ ಏರಿದರೆ ಒಂದು ಟ್ರಿಪ್ಪಿಗೆ 280 ರೂಪಾಯಿ ನನ್ನ ಕೈಬಿಡುತ್ತದೆ, ಏಕೆಂದರೆ ಬಾಡಿಗೆಯನ್ನು ಮೊದಲೇ ಮಾತಾಡಿರುತ್ತೇವೆ. ಈ ಲೆಕ್ಕವನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನಿಫ್ಟಿ ಆಯಿಲ್ ಆಂಡ್ ಗ್ಯಾಸ್ ಎಂಬ, ತೈಲ–ಅನಿಲ ಕಂಪನಿಗಳ ಷೇರುಗಳ ಒಟ್ಟು ಏರಿಳಿತವನ್ನು ಅಳೆಯುವ ಸೂಚ್ಯಂಕವನ್ನು ಅನುಸರಿಸುವ ಫಂಡನ್ನು ನಾನು ಕೊಂಡದ್ದು ಲಾಭದ ಆಸೆಗಿಂತ ಹೆಚ್ಚಾಗಿ ಈ ಹೊರೆಯನ್ನು ಸರಿದೂಗಿಸಿಕೊಳ್ಳುವುದಕ್ಕಾಗಿ, ಮತ್ತು ಈ ವಿಮರ್ಶೆಯನ್ನು ಬರೆಯುತ್ತಿರುವುದೂ ಅದೇ ದೃಷ್ಟಿಯಿಂದ.

2024ರ ಸೆಪ್ಟೆಂಬರಿನಲ್ಲಿ ಫಂಡ್ ಮಾರುವ ಒಬ್ಬ ಏಜೆಂಟರು ನನ್ನ ಆಫೀಸಿಗೆ ಬಂದು, ಲಾರಿ ಮಾಲೀಕರಿಗೆಂದೇ ಹೇಳಿ ಮಾಡಿಸಿದ್ದು ಎಂಬಂತೆ ಇದನ್ನು ಮುಂದಿಟ್ಟರು. “ಡೀಸೆಲ್ ಏರಿದ್ರ ಇದೂ ಏರತೈತ್ರಿ, ಅಲ್ಲಿ ಹೋದದ್ದು ಇಲ್ಲಿ ಬರತೈತಿ, ಚಿಂತಿ ಮಾಡಬ್ಯಾಡ್ರಿ” ಎಂದರು. ಮಾತು ತರ್ಕಬದ್ಧವಾಗಿ ಕೇಳಿಸಿತು. ನಾನು ಒಂದೇ ಸಲಕ್ಕೆ ಹಾಕದೆ ಮೂರು ಕಂತುಗಳಲ್ಲಿ ಹಣ ತೊಡಗಿಸಿದೆ. ಅಂದಿನಿಂದ ಒಂದು ಡೈರಿಯಲ್ಲಿ ಬ್ರೆಂಟ್ ಕಚ್ಚಾ ತೈಲದ ದರ (ಜಗತ್ತಿನ ತೈಲ ಪೇಟೆ ಅಳತೆಗೋಲಾಗಿ ನೋಡುವ ದರ), ಗಬ್ಬೂರ ಬೈಪಾಸ್ ಬಳಿ ನಾನು ತುಂಬಿಸುವ ಬಂಕಿನ ಡೀಸೆಲ್ ದರ ಮತ್ತು ಫಂಡಿನ ಬೆಲೆ, ಈ ಮೂರನ್ನೂ ಒಂದರ ಪಕ್ಕದಲ್ಲೊಂದು ಬರೆದಿಡುತ್ತ ಬಂದಿದ್ದೇನೆ. ಮುಂದೆ ಹೇಳುವುದರಲ್ಲಿ ಬಹುಪಾಲು ಆ ಡೈರಿಯಿಂದ ಕಲಿತದ್ದು.

ಮೊದಲು ಈ ಪೊಟ್ಟಣದೊಳಗೆ ಏನಿದೆ ಎಂಬುದನ್ನು ನೋಡೋಣ. ಸೂಚ್ಯಂಕದಲ್ಲಿ ಹದಿನೈದರವರೆಗೆ ಕಂಪನಿಗಳಿರುತ್ತವೆ. ತೂಕವನ್ನು ಮರುಹೊಂದಿಸುವ ಹೊತ್ತಿಗೆ ಯಾವ ಒಂದು ಷೇರಿನ ಪಾಲೂ ನೂರಕ್ಕೆ 33ನ್ನು ದಾಟಬಾರದು, ಮೊದಲ ಮೂರು ಷೇರುಗಳ ಒಟ್ಟು ಪಾಲು 62ನ್ನು ಮೀರಬಾರದು ಎಂಬ ನಿಯಮವಿದೆ. ಆ ಅತಿ ದೊಡ್ಡ ಪಾಲು ರಿಲಯನ್ಸ್‌ನದು. ಉಳಿದಂತೆ ತೈಲವನ್ನು ನೆಲದಿಂದ ಎತ್ತುವ ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ; ತೈಲವನ್ನು ಸಂಸ್ಕರಿಸಿ ಬಂಕುಗಳಲ್ಲಿ ಮಾರುವ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ; ಅನಿಲವನ್ನು ಸಾಗಿಸುವ ಗೇಲ್, ಆಮದು ಮಾಡಿಕೊಳ್ಳುವ ಪೆಟ್ರೋನೆಟ್, ಮನೆಗಳಿಗೂ ವಾಹನಗಳಿಗೂ ಕೊಡುವ ನಗರ ಅನಿಲ ಕಂಪನಿಗಳು. ಈ ಪಟ್ಟಿಯನ್ನು ನಿಧಾನವಾಗಿ ಓದಿದ್ದರೆ ಏಜೆಂಟರ ಮಾತಿನ ದೋಷ ನನಗೆ ಆ ದಿನವೇ ಕಾಣುತ್ತಿತ್ತು. ಕಚ್ಚಾ ತೈಲ ದುಬಾರಿಯಾದರೆ ಎತ್ತುವವನಿಗೆ ಲಾಭ, ಕೊಂಡು ಮಾರುವವನಿಗೆ ಸಂಕಟ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ, ತೈಲ ಏರಿದರೆ ತಕ್ಕಡಿ ಮೇಲೇರುತ್ತದೆ ಎಂದು ಹೇಳುವುದು ಸರಿಯಾಗುವುದಿಲ್ಲ. ಇನ್ನು ರಿಲಯನ್ಸ್‌ನ ವಿಷಯಕ್ಕೆ ಬಂದರೆ, ಅದರ ಗಳಿಕೆಯಲ್ಲಿ ಜಿಯೋ ಮತ್ತು ಚಿಲ್ಲರೆ ವ್ಯಾಪಾರದ ಪಾಲು ಈಗ ಬಹಳ ದೊಡ್ಡದು. ಹಾಗಾಗಿ ನಾನು ತೈಲಕ್ಕೆಂದು ಹಾಕಿದ ಹಣದಲ್ಲಿ ಗಣನೀಯ ಭಾಗ ಮೊಬೈಲ್ ರೀಚಾರ್ಜ್ ದರಗಳನ್ನೂ ದಿನಸಿ ಮಾರಾಟವನ್ನೂ ನಂಬಿಕೊಂಡಿದೆ.

ತೈಲದ ಆಘಾತವೆಂದರೆ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಫಂಡನ್ನು ಅಳೆಯುವುದಕ್ಕೆ ಬೇರೆ ಅಳತೆಗೋಲಿಲ್ಲ. ಅರ್ಥಶಾಸ್ತ್ರಜ್ಞ ಲುಟ್ಜ್ ಕಿಲಿಯನ್ 2009ರಲ್ಲಿ ಸ್ಪಷ್ಟಪಡಿಸಿದ ವಿಚಾರವಿದು: ದರ ಎಷ್ಟು ಏರಿತು ಎನ್ನುವುದಕ್ಕಿಂತ ಏಕೆ ಏರಿತು ಎನ್ನುವುದು ಮುಖ್ಯ. ಪೂರೈಕೆ ಕಡಿದುಹೋಗಿ ದರ ಏರುವುದು ಒಂದು ಬಗೆ. ಜಗತ್ತಿನ ಕಾರ್ಖಾನೆಗಳೆಲ್ಲ ಭರದಿಂದ ಓಡುತ್ತಿರುವುದರಿಂದ ಬೇಡಿಕೆ ಹೆಚ್ಚಿ ಏರುವುದು ಇನ್ನೊಂದು. ನಾಳೆ ಸಿಗದಿರಬಹುದು ಎಂಬ ಭಯದಿಂದ ಇಂದೇ ಕೊಂಡಿಡುವ ಧಾವಂತದಲ್ಲಿ ಏರುವುದು ಮತ್ತೊಂದು. ಮೂರಕ್ಕೂ ಷೇರುಪೇಟೆ ಬೇರೆ ಬೇರೆಯಾಗಿ ಸ್ಪಂದಿಸುತ್ತದೆ. 2003ರ ಬೇಸಿಗೆಯಲ್ಲಿ ಸೆನ್ಸೆಕ್ಸ್ 3,000ದ ಆಸುಪಾಸಿನಲ್ಲಿತ್ತು, 2007ರ ಕೊನೆಗೆ 20,000 ದಾಟಿತ್ತು. ಅದೇ ಅವಧಿಯಲ್ಲಿ ಕಚ್ಚಾ ತೈಲದ ದರವೂ ಬ್ಯಾರೆಲಿಗೆ 30 ಡಾಲರಿಗಿಂತ ಕೆಳಗಿನಿಂದ 90ನ್ನು ದಾಟಿ ಮೇಲೆ ಹೋಗಿತ್ತು. ತೈಲ ಮೂರು ಪಟ್ಟಾದರೂ ಷೇರು ಬೀಳಲಿಲ್ಲ, ಏಕೆಂದರೆ ಎರಡನ್ನೂ ಎತ್ತುತ್ತಿದ್ದದ್ದು ಒಂದೇ ಬೇಡಿಕೆ. 2020ರ ಮಾರ್ಚ್ 9ರಂದು, ಎರಡೂ ಒಟ್ಟಿಗೆ ಸಾಗುವ ಇದೇ ಸಂಬಂಧ ಇಳಿಕೆಯಲ್ಲೂ ಕಾಣಿಸಿಕೊಂಡಿತು. ಸೌದಿ ಅರೇಬಿಯಾ ಮತ್ತು ರಷ್ಯಾಗಳ ದರ ಸಮರದಿಂದ ಬ್ರೆಂಟ್ ಒಂದೇ ದಿನದಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಕುಸಿಯಿತು. ತೈಲವನ್ನು ಆಮದು ಮಾಡಿಕೊಳ್ಳುವ ನಮ್ಮಂಥ ದೇಶಕ್ಕೆ ಅದು ಹಬ್ಬವಾಗಬೇಕಿತ್ತು. ಆದರೆ ಕೊರೊನಾದ ಭಯವೂ ಸೇರಿ ಸೆನ್ಸೆಕ್ಸ್ ಆ ದಿನ 1,942 ಅಂಶ ಬಿದ್ದಿತು.

ಶುದ್ಧ ಪೂರೈಕೆಯ ಆಘಾತಕ್ಕೆ 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್‌ಕೈಕ್ ಸ್ಥಾವರದ ಮೇಲೆ ನಡೆದ ದಾಳಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು, ಸೋಮವಾರ ಪೇಟೆ ತೆರೆದಾಗ ಬ್ರೆಂಟ್ ಒಮ್ಮೆಗೇ ಸುಮಾರು 20 ಪ್ರತಿಶತ ಜಿಗಿಯಿತು, ಎರಡು ವಾರಗಳಲ್ಲಿ ಮತ್ತೆ ಮೊದಲಿನ ಜಾಗಕ್ಕೆ ಬಂದಿತು. ಆ ವಾರದ ಶುಕ್ರವಾರವೇ ನಮ್ಮ ಸರ್ಕಾರ ಕಾರ್ಪೊರೇಟ್ ತೆರಿಗೆಯನ್ನು ಇಳಿಸಿದ್ದರಿಂದ ಸೆನ್ಸೆಕ್ಸ್ 1,921 ಅಂಶ ಏರಿತು. ವಾರದ ಲೆಕ್ಕವನ್ನಷ್ಟೇ ನೋಡಿದವರಿಗೆ ತೈಲದ ಆಘಾತ ಷೇರುಪೇಟೆಗೆ ಒಳ್ಳೆಯದೇ ಮಾಡಿತು ಎನಿಸುವುದು ಸಹಜ. ಇಂಥ ವಿಷಯಗಳಲ್ಲಿ ಒಂದು ಕೋಷ್ಟಕವನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂದು ನಾನು ಕಲಿತದ್ದು ಆ ವಾರದ ಅಂಕಿಗಳನ್ನು ಮತ್ತೆ ಮತ್ತೆ ನೋಡಿದ ಮೇಲೆ.

ಭಾರತದ ಮಟ್ಟಿಗೆ ಆಘಾತ ಪೇಟೆಯನ್ನು ತಲುಪುವ ದಾರಿ ಗೊತ್ತಿರುವಂಥದ್ದೇ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ದರ ಏರಿದರೆ ಡಾಲರಿನ ಬೇಡಿಕೆ ಹೆಚ್ಚುತ್ತದೆ, ರೂಪಾಯಿ ಸೊರಗುತ್ತದೆ, ಹಣದುಬ್ಬರ ಏರುತ್ತದೆ, ರಿಸರ್ವ್ ಬ್ಯಾಂಕ್ ಬಡ್ಡಿಯನ್ನು ಏರಿಸುತ್ತದೆ, ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಡುತ್ತಾರೆ. 2022ರಲ್ಲಿ ಈ ಸರಪಳಿಯ ಒಂದೊಂದು ಕೊಂಡಿಯೂ ಕಣ್ಣೆದುರೇ ಬಿಗಿಯಾಯಿತು. ಫೆಬ್ರವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗಿದಾಗ ಸೆನ್ಸೆಕ್ಸ್ 2,702 ಅಂಶ ಬಿದ್ದಿತು. ಮಾರ್ಚ್ 7ರಂದು ಬ್ರೆಂಟ್ 139 ಡಾಲರನ್ನು ಮುಟ್ಟಿತು. ಮೇ 4ರಂದು ರಿಸರ್ವ್ ಬ್ಯಾಂಕ್ ನಿಗದಿತ ಸಭೆಗೂ ಮುಂಚೆ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) 4.40 ಪ್ರತಿಶತಕ್ಕೆ ಏರಿಸಿದಾಗ ಸೆನ್ಸೆಕ್ಸ್ ಮತ್ತೆ 1,306 ಅಂಶ ಕಳೆದುಕೊಂಡಿತು. ಅಕ್ಟೋಬರಿನಲ್ಲಿ ಡಾಲರ್ 83 ರೂಪಾಯಿ ದಾಟಿತು. ಆದರೂ ಅದೇ ವರ್ಷದ ಡಿಸೆಂಬರಿನ ಆರಂಭದಲ್ಲಿ ಸೆನ್ಸೆಕ್ಸ್ 63,000ದ ಮೇಲೆ ಹೊಸ ದಾಖಲೆ ಬರೆಯಿತು. ಅಷ್ಟು ಹೊತ್ತಿಗೆ ತೈಲದ ಭಯ ಇಳಿದಿತ್ತು, ರಷ್ಯಾದಿಂದ ರಿಯಾಯಿತಿ ದರದ ತೈಲ ನಮ್ಮ ಬಂದರುಗಳಿಗೆ ಬರತೊಡಗಿತ್ತು.

ಈಗ ನನ್ನ ಮುಖ್ಯ ಮಾತು. ಆ ಆಘಾತವನ್ನು ಹೊತ್ತವರು ಯಾರು? ಡೀಸೆಲ್ ದರವನ್ನು ಸರ್ಕಾರದ ಹಿಡಿತದಿಂದ ಬಿಡಿಸಿದ್ದು 2014ರ ಅಕ್ಟೋಬರಿನಲ್ಲಿ, ದಿನದಿನವೂ ದರ ಬದಲಿಸುವ ಪದ್ಧತಿ ಬಂದದ್ದು 2017ರ ಜೂನಿನಲ್ಲಿ. ಕಾಗದದ ಮೇಲೆ ಕಚ್ಚಾ ತೈಲ ಏರಿದಂತೆ ಬಂಕಿನ ದರವೂ ಏರಬೇಕು. ನಿಜದಲ್ಲಿ 2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗೆ ಲೀಟರಿಗೆ ಸುಮಾರು ಹತ್ತು ರೂಪಾಯಿ ಏರಿದ ಮೇಲೆ ತೈಲ ಕಂಪನಿಗಳು ದರವನ್ನು ಹಾಗೆಯೇ ನಿಲ್ಲಿಸಿಬಿಟ್ಟವು. ಮೇ ತಿಂಗಳಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಡೀಸೆಲ್‌ಗೆ ಆರು ರೂಪಾಯಿ ಇಳಿಸಿದ್ದನ್ನು ಬಿಟ್ಟರೆ, 2024ರ ಮಾರ್ಚ್‌ನಲ್ಲಿ ಎರಡು ರೂಪಾಯಿ ಕಡಿಮೆಯಾಗುವವರೆಗೆ ಕಂಪನಿಗಳ ದರ ಅಲುಗಾಡಲಿಲ್ಲ. ಅದರ ಪರಿಣಾಮ 2022ರ ಏಪ್ರಿಲ್–ಜೂನ್ ತ್ರೈಮಾಸಿಕದ ಫಲಿತಾಂಶದಲ್ಲಿ ಕಾಣಿಸಿತು: ಹಿಂದುಸ್ತಾನ್ ಪೆಟ್ರೋಲಿಯಂ ಒಂದಕ್ಕೇ 10,000 ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟ. ಅದೇ ಕಂಪನಿ 2023–24ರಲ್ಲಿ, ಕಚ್ಚಾ ತೈಲ ಇಳಿದರೂ ಬಂಕಿನ ದರ ಇಳಿಯದೆ ನಿಂತಾಗ, 14,000 ಕೋಟಿಯನ್ನು ಮೀರಿದ ಲಾಭ ಗಳಿಸಿತು.

ಅಂದರೆ 2022ರ ಆಘಾತದಲ್ಲಿ ನನ್ನಂಥ ಲಾರಿ ಮಾಲೀಕನಿಗೆ ಬೀಳಬೇಕಿದ್ದ ಪೆಟ್ಟಿನ ದೊಡ್ಡ ಭಾಗವನ್ನು ಈ ಕಂಪನಿಗಳೇ ತಮ್ಮ ಮೈಮೇಲೆ ತೆಗೆದುಕೊಂಡವು. ಆ ಕಂಪನಿಗಳೇ ಈ ಫಂಡಿನೊಳಗೆ ಕುಳಿತಿವೆ. ಹಾಗಿರುವಾಗ ಅವು ನನ್ನ ವಿಮೆಯಾಗುವುದು ಹೇಗೆ? ನಾನು ಬಂಕಿನಲ್ಲಿ ಉಳಿಸಿದ್ದನ್ನು ಫಂಡಿನಲ್ಲಿ ಕಳೆದುಕೊಳ್ಳುತ್ತೇನೆ. ಅವು ಲಾಭ ಮಾಡುವುದು ನಾನು ಇಳಿದ ತೈಲಕ್ಕೆ ಇಳಿಯದ ದರ ಕೊಡುವಾಗ. ತೈಲ ಎತ್ತುವ ಕಂಪನಿಗಳಾದರೂ ಈ ಕೊರತೆಯನ್ನು ತುಂಬಬಹುದಲ್ಲ ಎಂದು ಕೇಳಬಹುದು. 2022ರ ಜುಲೈ 1ರಂದು ಕೇಂದ್ರವು ದೇಶದೊಳಗೆ ಎತ್ತುವ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ತೆರಿಗೆಯನ್ನೂ ರಫ್ತಾಗುವ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ ಸುಂಕವನ್ನೂ ಹಾಕಿತು. ಒಎನ್‌ಜಿಸಿ ಷೇರು ಒಂದೇ ದಿನ ಸುಮಾರು 13 ಪ್ರತಿಶತ, ರಿಲಯನ್ಸ್ ಸುಮಾರು 7 ಪ್ರತಿಶತ ಬಿದ್ದವು. ಈ ತೆರಿಗೆ 2024ರ ಡಿಸೆಂಬರಿನಲ್ಲಿ ಹೋಯಿತಾದರೂ, ಲಾಭ ಉಕ್ಕಿದಾಗ ಸರ್ಕಾರ ಕೈ ಚಾಚುತ್ತದೆ ಎಂಬುದನ್ನು ಪೇಟೆ ಮರೆತಿಲ್ಲ. ಜೊತೆಗೆ ಹಿಂದುಸ್ತಾನ್ ಪೆಟ್ರೋಲಿಯಂನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಒಎನ್‌ಜಿಸಿ 2018ರಲ್ಲಿ ಕೊಂಡಿದೆ. ಸುರತ್ಕಲ್ ಸಮೀಪದ ನಮ್ಮ ಎಂಆರ್‌ಪಿಎಲ್ ಸಂಸ್ಕರಣಾಗಾರದ ಬಹುಪಾಲು ಒಡೆತನವೂ ಅದರದೇ. ಎತ್ತುವ ಕಂಪನಿಯ ಒಡಲಿನಲ್ಲೇ ಮಾರುವ ಕಂಪನಿಯೂ ಇರುವುದರಿಂದ ಏರಿಕೆಯ ಲಾಭ ಅಲ್ಲೂ ಪೂರ್ತಿಯಾಗಿ ಉಳಿಯುವುದಿಲ್ಲ.

ನನ್ನ ಡೈರಿಯ ಪುಟಗಳು ಇದನ್ನೇ ಹೇಳುತ್ತವೆ. ನಾನು ಫಂಡನ್ನು ಕೊಂಡ ಸೆಪ್ಟೆಂಬರಿನಲ್ಲಿ ಬ್ರೆಂಟ್ 70 ಡಾಲರಿನ ಸುತ್ತಮುತ್ತ ಇತ್ತು. 2025ರ ಫೆಬ್ರವರಿ ಕೊನೆಯಲ್ಲೂ ಅದು 70ರಿಂದ ಬಹಳ ದೂರ ಹೋಗಿರಲಿಲ್ಲ. ಆದರೆ ಆ ಹೊತ್ತಿಗೆ ಸೂಚ್ಯಂಕ ಐದನೇ ಒಂದು ಭಾಗಕ್ಕೂ ಹೆಚ್ಚು ಕರಗಿತ್ತು. ಇಡೀ ಪೇಟೆ ಇಳಿಯುತ್ತಿದ್ದದ್ದು ಒಂದು ಕಾರಣ. ನಗರ ಅನಿಲ ಕಂಪನಿಗಳಿಗೆ ಕೊಡುತ್ತಿದ್ದ ಅಗ್ಗದ ದೇಶೀ ಅನಿಲದ ಪಾಲನ್ನು ಸರ್ಕಾರ ಅಕ್ಟೋಬರಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ ಕಡಿತ ಮಾಡಿದ್ದರಿಂದ ಆ ಷೇರುಗಳು ಹೊಡೆತ ತಿಂದದ್ದು ಇನ್ನೊಂದು. ಎರಡಕ್ಕೂ ಕಚ್ಚಾ ತೈಲದ ದರಕ್ಕೂ ಸಂಬಂಧವಿಲ್ಲ. 2024ರ ಅಕ್ಟೋಬರ್ 3ರಂದು, ಇರಾನ್ ಇಸ್ರೇಲಿನ ಮೇಲೆ ಕ್ಷಿಪಣಿಗಳನ್ನು ಹಾರಿಸಿದ ಮೇಲೆ ನಮ್ಮ ಪೇಟೆ ಮೊದಲ ಬಾರಿ ತೆರೆದಾಗ, ತೈಲ ಏರುತ್ತಿತ್ತು, ಸೆನ್ಸೆಕ್ಸ್ 1,769 ಅಂಶ ಬಿದ್ದಿತು, ಬಂಕುಗಳ ಕಂಪನಿಗಳೂ ಬಿದ್ದವು, ರಿಲಯನ್ಸ್ ಕೂಡ ಬಿದ್ದಿತು. ರಕ್ಷಣೆ ಕೊಡಬೇಕಾದ ದಿನವೇ ಫಂಡ್ ಪೇಟೆಯ ಜೊತೆಗೆ ಇಳಿಯಿತು.

ಅತ್ಯಂತ ಕಹಿಯಾದ ಪುಟ 2025ರ ಏಪ್ರಿಲಿನ ಮೊದಲ ವಾರದ್ದು. ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 18.4ರಿಂದ 21.17 ಪ್ರತಿಶತಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದಕ್ಕೂ ಮುಂಚೆ 2024ರ ಜೂನಿನಲ್ಲೂ ಇದೇ ತೆರಿಗೆಯಿಂದ ಮೂರು ರೂಪಾಯಿ ಏರಿತ್ತು. ಏಪ್ರಿಲ್ 2ರಂದು ಅಮೆರಿಕದ ಹೊಸ ಆಮದು ಸುಂಕಗಳ ಘೋಷಣೆ, ಮರುದಿನ ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಮತ್ತು ಅದರ ಜೊತೆಗಾರ ದೇಶಗಳಿಂದ ಉತ್ಪಾದನೆ ಹೆಚ್ಚಳದ ತೀರ್ಮಾನ. 75 ಡಾಲರಿನ ಆಸುಪಾಸಿನಲ್ಲಿದ್ದ ಬ್ರೆಂಟ್ ಕೆಲವೇ ದಿನಗಳಲ್ಲಿ 65ಕ್ಕಿಂತ ಕೆಳಗಿಳಿಯಿತು. ಏಪ್ರಿಲ್ 7ರಂದು ಸೆನ್ಸೆಕ್ಸ್ 2,227 ಅಂಶ ಕುಸಿಯಿತು, ಫಂಡೂ ಕುಸಿಯಿತು. ಅದೇ ದಿನ ಕೇಂದ್ರವು ಅಬಕಾರಿ ಸುಂಕವನ್ನು ಎರಡು ರೂಪಾಯಿ ಹೆಚ್ಚಿಸಿತು. ಬಂಕಿನ ದರ ಅದರಿಂದ ಏರಲಿಲ್ಲ ನಿಜ, ಆದರೆ ತೈಲ ಅಗ್ಗವಾದದ್ದರ ಫಲವೂ ನನ್ನ ಟ್ಯಾಂಕಿಗೆ ಬರಲಿಲ್ಲ. ಹೀಗೆ ಕಚ್ಚಾ ತೈಲ ಇಳಿದ ವಾರದಲ್ಲಿ ನನ್ನ ಡೀಸೆಲ್ ಏರಿತ್ತು, ಡೀಸೆಲ್ ಏರಿದ ವಾರದಲ್ಲಿ ನನ್ನ ಫಂಡ್ ಇಳಿದಿತ್ತು. ಮುಂದಿನ ವಾರ ರಾಜ್ಯದ ಲಾರಿ ಮಾಲೀಕರು ಮುಷ್ಕರಕ್ಕಿಳಿದಾಗ ನನ್ನ ಮೂರೂ ಲಾರಿಗಳು ನಿಂತಿದ್ದವು.

ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ ಬೆಳಿಗ್ಗೆ 9.15ಕ್ಕೇ ಮೊಬೈಲ್ ಹಿಡಿದು ಕುಳಿತಿದ್ದೆ. ಬ್ರೆಂಟ್ ಆ ದಿನ ಏಳು ಪ್ರತಿಶತ ಏರಿ 74 ಡಾಲರಿನ ಮೇಲೆ ನಿಂತಿತು. ಪರದೆಯ ಮೇಲೆ ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ ಹಸಿರು, ಮೂರೂ ಮಾರಾಟ ಕಂಪನಿಗಳು ಕೆಂಪು. ಒಂದೇ ಫಂಡಿನೊಳಗೆ ಎರಡು ಗುಂಪುಗಳು ಹಗ್ಗ ಜಗ್ಗುತ್ತಿರುವುದನ್ನು ಅಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ನೋಡಿರಲಿಲ್ಲ. ಫಂಡ್ ಏರಲಿಲ್ಲ. ಹತ್ತು ದಿನಗಳಲ್ಲಿ ಕದನವಿರಾಮವಾಗಿ ತೈಲ ಇಳಿದಾಗ ಅದೇ ಮಾರಾಟ ಕಂಪನಿಗಳು ಎದ್ದು ನಿಂತವು.

ಕೊಳ್ಳುವ ಮಾರುವ ಅನುಕೂಲದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಇದು ಇಟಿಎಫ್, ಅಂದರೆ ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್. ಇಂಥ ವಲಯದ ಇಟಿಎಫ್‌ಗಳಲ್ಲಿ ವಹಿವಾಟು ತೆಳು. ಪೇಟೆ ಗಾಬರಿಯಾದ ದಿನ ಕೊಳ್ಳುವವರ ದರಕ್ಕೂ ಮಾರುವವರ ದರಕ್ಕೂ ನಡುವಿನ ಅಂತರ ಹಿಗ್ಗುತ್ತದೆ. ಆ ಕ್ಷಣದ ನಿವ್ವಳ ಮೌಲ್ಯವನ್ನು, ಅಂದರೆ ಫಂಡಿನೊಳಗಿನ ಷೇರುಗಳ ನಿಜವಾದ ಬೆಲೆಯನ್ನು ನೋಡದೆ, ಮಾರುಕಟ್ಟೆ ದರಕ್ಕೇ ಆರ್ಡರ್ ಹಾಕಿ ನಾನು ಒಮ್ಮೆ ನೂರಕ್ಕೆ ಅರವತ್ತು ಪೈಸೆಯಷ್ಟು ಹೆಚ್ಚು ತೆತ್ತಿದ್ದೇನೆ. ಬೆಳಿಗ್ಗೆಯ ಮೊದಲ ಹತ್ತು ನಿಮಿಷ ಬಿಟ್ಟು, ಮಿತಿ ದರವನ್ನು ನಮೂದಿಸಿಯೇ ಆರ್ಡರ್ ಹಾಕುವುದು ಒಳ್ಳೆಯದು. ವಾರ್ಷಿಕ ವೆಚ್ಚ ಸಕ್ರಿಯ ಫಂಡುಗಳಿಗಿಂತ (ಷೇರುಗಳನ್ನು ವ್ಯವಸ್ಥಾಪಕರೇ ಆರಿಸುವ ಫಂಡುಗಳಿಗಿಂತ) ಬಹಳ ಕಡಿಮೆ. ಸೂಚ್ಯಂಕವನ್ನು ಅನುಸರಿಸುವ ಕೆಲಸವನ್ನು ಫಂಡ್ ನಿಷ್ಠೆಯಿಂದ ಮಾಡಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ದೂರು ಮಾರಿದವರ ಮಾತಿನ ಮೇಲೆಯೇ ಹೊರತು ಫಂಡ್ ನಡೆಸುವವರ ಮೇಲಲ್ಲ. ತೆರಿಗೆಯಲ್ಲಿ ಇದು ಷೇರಿನಂತೆಯೇ: ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20 ಪ್ರತಿಶತ, ವರ್ಷ ದಾಟಿದರೆ 1.25 ಲಕ್ಷ ರೂಪಾಯಿಗಿಂತ ಮೇಲಿನ ಲಾಭಕ್ಕೆ 12.5 ಪ್ರತಿಶತ. ವಿಮೆಯಂತೆ ಬಳಸುವವನು ಬೇಕಾದ ಹೊತ್ತಿಗೆ ಮಾರಲೇಬೇಕಾಗುತ್ತದೆ, ಆಗ ಹೆಚ್ಚಿನ ದರದ ತೆರಿಗೆ ಬೀಳುವ ಸಂಭವವೇ ಜಾಸ್ತಿ.

ಹಾಗಾದರೆ ಕಚ್ಚಾ ತೈಲವನ್ನೇ ನೇರವಾಗಿ ಹಿಡಿಯಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಸರಕುಗಳ ಮುಂಗಡ ಕರಾರುಗಳು ವಹಿವಾಟಾಗುವ ಎಂಸಿಎಕ್ಸ್ ಪೇಟೆಯಲ್ಲಿ ಕಚ್ಚಾ ತೈಲದ ಒಂದು ಲಾಟ್ ಎಂದರೆ 100 ಬ್ಯಾರೆಲ್, ಮಿನಿ ಲಾಟ್ ಎಂದರೆ 10 ಬ್ಯಾರೆಲ್. ಅದರ ಲೆಕ್ಕ ತೀರುವುದು ಅಮೆರಿಕದ ದರದ ಮೇಲೆ. 2020ರ ಏಪ್ರಿಲ್ 20ರಂದು ಆ ದರ ಸೊನ್ನೆಗಿಂತ ಕೆಳಗೆ, ಬ್ಯಾರೆಲಿಗೆ ಮೈನಸ್ 37.63 ಡಾಲರಿಗೆ ಇಳಿದಾಗ, ಇಲ್ಲಿ ಕೊಂಡವರ ಲೆಕ್ಕವನ್ನು ಬ್ಯಾರೆಲಿಗೆ ಮೈನಸ್ 2,884 ರೂಪಾಯಿಯಂತೆ ತೀರಿಸಲಾಯಿತು. ಹಾಕಿದ ಹಣ ಹೋದದ್ದಲ್ಲದೆ ಮೇಲೆ ಕೈಯಿಂದ ಕೊಡಬೇಕಾಗಿ ಬಂದವರಿದ್ದರು. ಬಂಕಿನ ದರ ಕಚ್ಚಾ ತೈಲದ ಹಿಂದೆ ಹೋಗದಿರುವ ಊರಿನಲ್ಲಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ವಲಯದ ಕಂಪನಿಗಳ ವಹಿವಾಟು ಹತ್ತು ವರ್ಷಗಳಲ್ಲಿ ಬೆಳೆಯುತ್ತದೆಂದು ನಂಬಿ, ಒಂದೊಂದು ಷೇರನ್ನು ಆರಿಸುವ ತೊಂದರೆ ಬೇಡವೆನ್ನುವವರು ಇದನ್ನು ಕೊಳ್ಳಬಹುದು. ಒಟ್ಟು ಹೂಡಿಕೆಯ ಸಣ್ಣ ಭಾಗವಾಗಿ ನಾನೂ ಅರ್ಧದಷ್ಟನ್ನು ಉಳಿಸಿಕೊಂಡಿದ್ದೇನೆ. ಲಾರಿ, ಬಸ್ಸು, ಬೋರ್‌ವೆಲ್ ಯಂತ್ರ, ಜನರೇಟರ್ ಇಟ್ಟುಕೊಂಡವರು ಡೀಸೆಲಿನ ಏರಿಕೆಗೆ ಪ್ರತಿಯಾಗಿ ಇದನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಉದ್ದೇಶಕ್ಕಾದರೆ ಐದರಲ್ಲಿ ಒಂದು ನಕ್ಷತ್ರ, ಸಾಮಾನ್ಯ ವಲಯ ಫಂಡ್ ಆಗಿ ಮೂರು.

ಮಾರಿದ ಅರ್ಧದ ಹಣ ಈಗ ಲಿಕ್ವಿಡ್ ಫಂಡಿನಲ್ಲಿದೆ, ಬೇಕೆಂದಾಗ ಬೇಗ ತೆಗೆಯಬಹುದಾದ, ಅಲ್ಪಾವಧಿ ಸಾಲಪತ್ರಗಳ ಫಂಡ್ ಅದು. ಮೂರೂ ಲಾರಿಗಳ ಎರಡು ತಿಂಗಳ ಡೀಸೆಲಿಗೆ ಅದು ಸಾಕು. ಮುಂಬೈಗೆ ಮಾಲು ಕಳಿಸುವ ಇಬ್ಬರು ವ್ಯಾಪಾರಿಗಳೊಂದಿಗೆ ಬಾಡಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೇವೆ: ಲೋಡ್ ಏರುವ ದಿನ ಹುಬ್ಬಳ್ಳಿಯ ಡೀಸೆಲ್ ದರವು ಕರಾರಿನ ದಿನದ ದರಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇದೆಯೋ, ಅದನ್ನು 280 ಲೀಟರಿಗೆ ಗುಣಿಸಿ ಬಾಡಿಗೆಗೆ ಕೂಡಿಸುವುದು ಅಥವಾ ಕಳೆಯುವುದು. ಒಬ್ಬರು ಒಪ್ಪಲು ಮೂರು ವಾರ ತೆಗೆದುಕೊಂಡರು, ಇನ್ನೊಬ್ಬರು ಬಂಕಿನ ರಸೀದಿಯನ್ನು ಜೊತೆಗಿಟ್ಟರೆ ಸಾಕೆಂದು ಅಂದೇ ಸಹಿ ಹಾಕಿದರು.